ಹೊರಗಿನವರು ಇದ್ದಾರೆ

ನೆಕ್ಕರಪಲ್ಕೆ ಶಾಲೆಯಲ್ಲಿ ಬೋಜನ ಹೆಸರನ್ನು ಯಾರೂ ಕರೆಯಲಿಲ್ಲ. ಹಾಜರಿ ಪುಸ್ತಕದಲ್ಲಿ ಹೆಸರಿತ್ತು. ಅಪ್ಪಯ್ಯ ಮಾಸ್ಟ್ರು ಬೆಂಚಿನ ಮೇಲೆ ಕೂತ ಮಕ್ಕಳ ಹೆಸರನ್ನು ಒಂದೊಂದಾಗಿ ಕರೆದು ಮುಗಿಸಿ, ಕೊನೆಗೆ ಬಾಗಿಲ ಕಡೆ ನೋಡದೆ, “ಹೊರಗಿನವರು ಇದ್ದಾರಾ?” ಎಂದು ಕೇಳುತ್ತಿದ್ದರು. ಬೆಂಚಿನ ಮಕ್ಕಳು ಒಂದೇ ಸ್ವರದಲ್ಲಿ “ಇದ್ದಾರೆ ಸಾರ್” ಎನ್ನುತ್ತಿದ್ದರು. ಹೊರಗಿನವರೆಂದರೆ ಜಗಲಿಯಲ್ಲಿ ಗೋಣಿ ಹಾಸಿ ಕೂತ ಬೋಜ, ಅವನ ಅಕ್ಕ ಚೆನ್ನು, ಅವರ ಕೇರಿಯ ಇನ್ನೆರಡು ಮಕ್ಕಳು. ಬೋಜ ಮೂರನೆಯ ಕ್ಲಾಸಿಗೆ ಬಂದ ವರ್ಷ ಮೇಲಿನಿಂದ ಆದೇಶ ಬಂತು. ಅವರನ್ನು ಒಳಗೆ ತಂದು, ಹಿಂದಿನ ಗೋಡೆಗೆ ತಾಗಿಸಿದ ಬೇರೆ ಬೆಂಚಿನಲ್ಲಿ ಕೂರಿಸಿದರು. ಮಾಸ್ಟ್ರು ಹಾಜರಿ ಕರೆಯುವ ಕ್ರಮ ಬದಲಾಗಲಿಲ್ಲ. ಒಳಗೆ ಕೂತವರನ್ನೂ ಹೊರಗಿನವರು ಇದ್ದಾರಾ ಎಂದೇ ಕೇಳಿದರು.

ಆ ಅಪ್ಪಯ್ಯ ಮಾಸ್ಟ್ರು ಈಗ ಕತಾರಿಗೆ ಬಂದಿದ್ದಾರೆ ಎಂದು ಯಜ್ಞೇಶ್ ಫೋನ್ ಮಾಡಿದಾಗ ಬೋಜ ದೋಹಾದ ಅಂಚಿನ ಮುಐದರಿನ ತನ್ನ ಕೋಣೆಯಲ್ಲಿ ಮಂಚದ ಮೇಲೆ ಪೇಪರ್ ಹಾಸಿಕೊಂಡು ಬೇಯಿಸಿದ ಮೊಟ್ಟೆ ಸುಲಿಯುತ್ತಿದ್ದ. ಎರಡು ಸಾವಿರದ ಏಳನೆಯ ಇಸವಿ, ಫೆಬ್ರವರಿ. ಎ.ಸಿ. ಹಾಕದೆಯೂ ನಿದ್ದೆ ಬರುವ ದಿನಗಳು. ಯಜ್ಞೇಶ್ ಮಾಸ್ಟ್ರ ಮಗ. ಬೋಜನ ಕ್ಲಾಸಿನವನೇ, ಮುಂದಿನ ಬೆಂಚಿನವನು. ಈಗ ದೋಹಾದ ಕಂಪೆನಿಯೊಂದರಲ್ಲಿ ಫೈನಾನ್ಸ್ ಮ್ಯಾನೇಜರ್. ಅಲ್ ಥುಮಾಮಾದಲ್ಲಿ ಹೆಂಡತಿ ಮಕ್ಕಳ ಜೊತೆ ವಿಲ್ಲಾದಲ್ಲಿದ್ದಾನೆ.

“ಅಪ್ಪ ವಿಸಿಟ್ ವೀಸಾದಲ್ಲಿ ಬಂದಿದ್ದಾರೆ ಬೋಜಣ್ಣ. ಶಾಲೆಗೆ ಎಪ್ಪತ್ತೈದು ತುಂಬ್ತದಲ್ವಾ ಈ ವರ್ಷ? ನಾವು ಹಳೆ ವಿದ್ಯಾರ್ಥಿಗಳು ಇಲ್ಲೇ ಒಂದು ಪ್ರೋಗ್ರಾಂ ಮಾಡುವ ಅಂತ. ಭಾಷಣ ಗೀಷಣ ಎಂತದ್ದೂ ಇಲ್ಲ. ಕ್ಲಾಸಿನ ಹಾಗೆ ಬೆಂಚು ಹಾಕುದು, ಅಪ್ಪ ಹಾಜರಿ ಕರೆಯುದು, ನಾವು ಎದ್ದು ನಿಂತು ಹಾಜರ್ ಸಾರ್ ಅನ್ನುದು. ಹೇಗುಂಟು ಐಡಿಯಾ?”

ಬೋಜ ಮೊಟ್ಟೆಯನ್ನು ಪೇಪರಿನ ಮೇಲಿಟ್ಟ. “ಎಲ್ಲರ ಹೆಸರೂ ಕರೀತಾರಾ?”

“ಮತ್ತೆ? ಎಲ್ಲರದ್ದೂ. ನಿಮ್ಮದನ್ನು ಕೊನೆಗೆ ಇಟ್ಟಿದ್ದೇನೆ. ಸ್ಪೆಷಲ್!”

ನಲವತ್ತೇಳು ವರ್ಷದ ಗಂಡಸು. ಎ.ಸಿ. ಮೆಂಟೆನೆನ್ಸ್ ಕಂಪೆನಿಯಲ್ಲಿ ಸೂಪರ್‌ವೈಸರ್. ನೇಪಾಳಿ, ತಮಿಳು, ಪಠಾಣ ಹುಡುಗರು ದಿನವಿಡೀ ಅವನನ್ನು ಬೋಜ ಭಾಯ್, ಬೋಜ ಭಾಯ್ ಎಂದು ಕರೆಯುತ್ತಾರೆ. ಅವನ ಹೆಸರು ಐಡಿ ಕಾರ್ಡಿನಲ್ಲಿದೆ, ಪಾಸ್‌ಪೋರ್ಟಿನಲ್ಲಿದೆ, ಅರಬ್ಬಿಯಲ್ಲಿಯೂ ಇದೆ. ಆದರೂ ಒಬ್ಬ ಮುದುಕನ ಬಾಯಿಂದ ಅದು ಬರಬೇಕೆಂದು ಆ ಹೊತ್ತು ಅವನ ಮೈಯೆಲ್ಲ ಕಾದಿತು. ನಾಚಿಕೆಗೇಡು ಎನ್ನಿ. ಜಾತಿ ಮಾಡುವ ಕೆಲಸವೇ ಅದು. ಹೊಡೆದವನ ಕೈಯಿಂದಲೇ ಔಷಧಿ ಬೇಕು ಎನ್ನುವ ಹಾಗೆ ಮನುಷ್ಯನನ್ನು ಕೆಡಿಸಿ ಇಡುತ್ತದೆ.

ಮರುದಿನ ಬೆಳಿಗ್ಗೆ ಬಾತ್‌ರೂಮಿನಲ್ಲಿ ಅವನು ಹೇಳಿ ನೋಡಿದ. ಮೆಲ್ಲಗೊಮ್ಮೆ. ಸ್ವಲ್ಪ ಗಟ್ಟಿಯಾಗಿ ಇನ್ನೊಮ್ಮೆ. “ಹಾಜರ್ ಸಾರ್.”

ಹೊರಗಿನಿಂದ ಲ್ಯಾನ್ಸ್‌ಲಾಟ್ ಬಾಗಿಲು ಬಡಿದ. ಒಂದೇ ಕೋಣೆಯ ಎರಡನೆಯ ಮಂಚದವನು, ಉಡುಪಿ ಕಡೆಯ ಕ್ರಿಶ್ಚಿಯನ್, ಸಿಮೆಂಟ್ ಕಂಪೆನಿಯ ಡ್ರೈವರ್. “ಯಾರೊಟ್ಟಿಗೆ ಮಾತಾಡ್ತಿ ಮಾರಾಯ? ಗೀಸರಿನೊಟ್ಟಿಗಾ? ಹುಷಾರು, ನಿನ್ನ ಕಂಪ್ರೆಸರಿಗೆ ಗೊತ್ತಾದ್ರೆ ಡೈವೋರ್ಸ್ ಕೊಡ್ತದೆ.”

ಕಂಪ್ರೆಸರಿನ ಮಾತಿಗೆ ಒಂದು ಕಾರಣವಿತ್ತು. ಹೆಂಡತಿ ತೀರಿಕೊಂಡ ಮೇಲೆ ಬೋಜ ಊರಿಗೆ ಹೋಗುವುದನ್ನು ಕಡಿಮೆ ಮಾಡಿದ್ದ. ಮಕ್ಕಳಿರಲಿಲ್ಲ. ಪ್ಲೈವುಡ್ ಹೊಡೆದು ಪಾಲು ಮಾಡಿದ ಆ ವಿಲ್ಲಾದಲ್ಲಿ ಗೋಡೆಯಾಚೆ ಕೆಮ್ಮಿದ್ದು ಕೇಳುತ್ತದೆ, ಕೆಮ್ಮಿದವನು ಯಾರೆಂದು ಗೊತ್ತಾಗುವುದಿಲ್ಲ. ಲ್ಯಾನ್ಸ್‌ಲಾಟ್ ಮನೆಮಾತಿನಲ್ಲಿ ಕೊಂಕಣಿಯವನು, ಹೆಚ್ಚಾಗಿ ದಾರಿಯ ಮೇಲೆಯೇ ಇರುವವನು. ತಿಂಗಳುಗಟ್ಟಲೆ ಬೋಜನ ಬಾಯಿಂದ ತುಳುವಿನ ಒಂದು ಶಬ್ದ ಹೊರಬರುತ್ತಿರಲಿಲ್ಲ. ಮೂರು ವರ್ಷಗಳ ಹಿಂದೆ ಒಂದು ಆಫೀಸಿನ ತಾರಸಿಯಲ್ಲಿ ಕೆಟ್ಟ ಕಂಪ್ರೆಸರನ್ನು ತಟ್ಟುತ್ತಾ, ಕೇಳುವವರಿಲ್ಲವೆಂದು, ತುಳುವಿನಲ್ಲಿ ಬಾಯಿತುಂಬ ಬೈಯುತ್ತಿದ್ದ. ಸಿಗರೇಟು ಸೇದಲು ಮೇಲೆ ಬಂದಿದ್ದ ಒಬ್ಬ ಟೈ ಕಟ್ಟಿದ ಮನುಷ್ಯ ನಗುತ್ತಾ, “ಊರು ಒಲ್ಪ ಮಾರಾಯ್ರೆ?” ಎಂದು ತುಳುವಿನಲ್ಲೇ ಊರು ಯಾವುದೆಂದು ಕೇಳಿದ. ಅವನೇ ಯಜ್ಞೇಶ್. ನೆಕ್ಕರಪಲ್ಕೆ ಎಂದು ಕೇಳಿದ್ದೇ ಬೋಜನನ್ನು ತಬ್ಬಿಕೊಂಡುಬಿಟ್ಟ. ಗ್ರೀಸು, ಬೆವರು ಯಾವುದನ್ನೂ ನೋಡಲಿಲ್ಲ. ಆ ಮನೆತನದ ಮೈ ಬೋಜನ ಮೈಗೆ ತಾಗಿದ್ದು ಅದೇ ಮೊದಲು.

ಆಮೇಲೆ ತಿಂಗಳಿಗೊಂದು ಶುಕ್ರವಾರ ಅವನಿಗೆ ಕರೆ ಬರುತ್ತಿತ್ತು. ಥುಮಾಮಾದ ಮನೆಯ ಹಾಲಿನಲ್ಲಿ ಊರಿನವರ ನಡುವೆ ಕೂತು ಅವನು ನೀರ್ ದೋಸೆ ತಿಂದ. ಮೊದಲ ದಿನ ಅವನ ಕೈಗೆ ಕಾಗದದ ತಟ್ಟೆ ಬಂದಾಗ, ತನಗೆ ಮಾತ್ರ ಬೇರೆ ತಟ್ಟೆ ಎಂದುಕೊಂಡ. ತಿರುಗಿ ನೋಡಿದರೆ ಎಲ್ಲರ ಕೈಯಲ್ಲೂ ಕಾಗದದ್ದೇ. ಸಮಾಧಾನವಾಯಿತು. ತಿರುಗಿ ನೋಡಿದೆನಲ್ಲ ಎಂದು ತನ್ನ ಮೇಲೆಯೇ ಸಿಟ್ಟು ಬಂತು. ಅಲ್ಲಿ ಅವನು ಬೋಜಣ್ಣ. ಜೋಕು ಹೇಳುತ್ತಿದ್ದ. ಮಕ್ಕಳಿಗೆ ತುಳು ಒಗಟು ಕಲಿಸುತ್ತಿದ್ದ. ಶಾಲೆಯ ಮಾತು ಬಂದಾಗ ಮಾತ್ರ ಸುಮ್ಮನಿರುತ್ತಿದ್ದ, ಉಳಿದವರೂ ಜಾಣತನದಿಂದ ಮಾತು ಬದಲಿಸುತ್ತಿದ್ದರು. ತಿಂಗಳಿಗೊಂದು ದಿನ ಮನುಷ್ಯರ ನಡುವೆ ಇರಲು ಅಷ್ಟು ಮೌನ ದುಬಾರಿಯೇನಲ್ಲ ಎಂದು ಅವನು ಒಪ್ಪಿಕೊಂಡಿದ್ದ.

ಕಾರ್ಯಕ್ರಮಕ್ಕೆ ಎಂಟು ಹತ್ತು ದಿನ ಇರುವಾಗ ಯಜ್ಞೇಶ್ ಮುಐದರಿಗೇ ಬಂದ. ಕಾರನ್ನು ಗೇಟಿನ ಹೊರಗೆ ನಿಲ್ಲಿಸಿ ಹಾರ್ನ್ ಹಾಕಿದ.

“ಒಳಗೆ ಬನ್ನಿ, ಚಾ ಮಾಡ್ತೇನೆ” ಎಂದ ಬೋಜ.

“ಇಲ್ಲ ಇಲ್ಲ, ಲೇಟಾಯ್ತು. ನೀವೇ ಬನ್ನಿ, ಕಾರಲ್ಲಿ ಕೂತ್ಕೊಳ್ಳಿ. ಇಗೊಳ್ಳಿ, ಪತ್ರೊಡೆ. ಅಮ್ಮ ಊರಿಂದ ಕೆಸುವಿನ ಎಲೆ ಕಟ್ಟಿ ಕಳಿಸಿದ್ದು. ನಿಮಗೆ ಇಷ್ಟ ಅಂತ ಇವಳು ಬೇರೆ ತೆಗೆದಿಟ್ಟಿದ್ಲು.”

ಬಿಸಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬೋಜ ಕೂತ. ಯಜ್ಞೇಶ್ ರೇಡಿಯೋ ಆರಿಸಿದ.

“ಊರಲ್ಲಿ ಸ್ವಲ್ಪ ರಗಳೆ ಆಗಿದೆ ಬೋಜಣ್ಣ. ನಿಮ್ಮ ಚೆನ್ನಕ್ಕನ ಮಗಳು ಉಂಟಲ್ಲ, ಗ್ರೀಷ್ಮಾ, ಬಿ.ಎಡ್. ಮಾಡುವವಳು. ಅವಳು ನಾಲ್ಕು ಹುಡುಗರನ್ನು ಕಟ್ಟಿಕೊಂಡು ಜುಬಿಲಿ ಕಮಿಟಿ ಮೀಟಿಂಗಿಗೆ ಹೋಗಿದ್ಲಂತೆ. ಶಾಲೆಯ ಚರಿತ್ರೆ ಬರೆದು ಬೋರ್ಡ್ ಹಾಕ್ತೀರಲ್ಲ, ಅದರಲ್ಲಿ ಜಗಲಿಯ ವಿಷಯವೂ ಬರೀಬೇಕು ಅಂತ. ಕಮಿಟಿಯವರು ಅಂಥದ್ದು ನಮ್ಮ ಶಾಲೆಯಲ್ಲಿ ಇರ್ಲೇ ಇಲ್ಲ, ಸಾಕ್ಷಿ ಎಲ್ಲುಂಟು ಅಂದಿದ್ದಾರೆ. ಇವಳು, ನನ್ನ ಅಮ್ಮನೇ ಸಾಕ್ಷಿ ಅಂದಳಂತೆ.”

ಬೋಜ ಡಬ್ಬಿಯ ಮುಚ್ಚಳವನ್ನು ಒತ್ತಿ ಸರಿಮಾಡಿದ.

“ನಿಮ್ಮಿಂದ ಒಂದೇ ನಿಮಿಷದ ಕೆಲಸ. ಅಪ್ಪ ಹೆಸರು ಕರೀತಾರೆ. ನೀವು ಎದ್ದು ಹಾಜರ್ ಸಾರ್ ಅಂತೀರಿ. ವಿಡಿಯೋ ತೆಗೀತೇವೆ, ಮತ್ತೆ ಕ್ಯಾಮೆರಾ ನೋಡಿ ಎರಡು ಮಾತು. ನಾವೆಲ್ಲ ಒಟ್ಟಿಗೆ ಕೂತು ಕಲಿತವರು, ಅಪ್ಪಯ್ಯ ಮಾಸ್ಟ್ರು ಭೇದ ಮಾಡಿದವರಲ್ಲ. ಅಷ್ಟೇ. ಆ ವಿಡಿಯೋ ಊರಿನ ಸಭೆಯಲ್ಲಿ ಹಾಕ್ತಾರೆ. ನಿಮ್ಮ ಬಾಯಲ್ಲೇ ಬಂದ್ರೆ ಮತ್ತೆ ಯಾರೂ ಮಾತಾಡುವ ಹಾಗಿಲ್ಲ.”

“ಒಟ್ಟಿಗೆ ಕೂತದ್ದಾ?”

“ಆಮೇಲೆ ಕೂತದ್ದಲ್ವಾ ಮಾರಾಯ್ರೆ, ಒಂದೇ ಕೋಣೆಯಲ್ಲಿ! ಸುಳ್ಳು ಹೇಳಿ ಅಂತ ನಾನು ಹೇಳುದಿಲ್ಲ. ಆದದ್ದರಲ್ಲಿ ಒಳ್ಳೇದನ್ನು ಹೇಳಿ. ಅಪ್ಪನಿಗೆ ಎಂಬತ್ತೆರಡು. ಈ ವಯಸ್ಸಲ್ಲಿ ಅವರ ಹೆಸರು ಹಾಳಾಗ್ಬೇಕಾ?”

ಹಾಳಾಗಬೇಕಾದರೆ ಮೊದಲು ಹೆಸರಿರಬೇಕು. ಬೋಜನ ನಾಲಿಗೆಯ ತುದಿಗೆ ಬಂದ ಮಾತು ಅಲ್ಲೇ ನಿಂತಿತು. ಮುಂದಿನ ಶುಕ್ರವಾರಗಳು ಕಣ್ಣ ಮುಂದೆ ಬಂದವು. ಗೋಡೆಯಾಚೆಯ ಕೆಮ್ಮು ಕೇಳಿಸಿದ ಹಾಗಾಯಿತು.

“ನೋಡುವ” ಎಂದ.

ಅವನ ಮಟ್ಟಿಗೆ ನೋಡುವ ಎಂದರೆ ಇಲ್ಲ ಎನ್ನುವ ಧೈರ್ಯ ಇನ್ನೂ ಬಂದಿಲ್ಲ ಎಂದು ಅರ್ಥ. ಯಜ್ಞೇಶ್ ಅದನ್ನು ಹೌದು ಎಂದು ಇಟ್ಟುಕೊಂಡ. ಭುಜ ತಟ್ಟಿ, “ನೀವು ನಮ್ಮವರು ಬೋಜಣ್ಣ” ಎಂದು ಹೊರಟುಹೋದ.

ಶುಕ್ರವಾರ ಮಧ್ಯಾಹ್ನದ ನಮಾಜು ಮುಗಿದು ಬೀದಿ ಖಾಲಿಯಾದ ಮೇಲೆ ಬೋಜ ಅಕ್ಕನಿಗೆ ಫೋನ್ ಮಾಡಿದ.

“ಓಹೋ, ದೋಹಾದ ದೊರೆಗಳು!” ಎಂದಳು ಚೆನ್ನು. ಅವಳ ಹಿಂದೆ ಮೊರದಲ್ಲಿ ಬೀಡಿ ಎಲೆ ಸರಿದಾಡುವ ಸದ್ದು. “ಉಂಡಿಯಾ?”

“ಉಂಡೆ. ಗ್ರೀಷ್ಮಾ ಎಂತ ಮಾಡಿದ್ದು ಅಲ್ಲಿ?”

“ಎಂತ ಮಾಡುದು? ಬಾಯಿ ಉಂಟು, ಮಾತಾಡಿದ್ದಾಳೆ. ನನ್ನ ಮಗಳಲ್ವಾ? ಕಮಿಟಿಯವರು ಮನೆಗೆ ಬಂದಿದ್ರು ಮಾರಾಯ, ಜೀಪಲ್ಲಿ! ಜಗಲಿಗೆ ಹತ್ತಲಿಲ್ಲ, ಅಂಗಳದಲ್ಲೇ ನಿಂತು, ಚೆನ್ನು, ನಿನಗೆ ಸರೀ ನೆನಪುಂಟಾ ಅಂತ ಕೇಳ್ತಾರೆ. ನಾನು, ನಿಮಗೆ ಮರೆತುಹೋಗಿದೆಯಾ ಅಂತ ಕೇಳಿದೆ. ಹೋದರು.”

ಅವಳು ನಕ್ಕಳು. ಬೋಜನೂ ನಗಲು ನೋಡಿದ. ಆಮೇಲೆ ಕಾರಿನಲ್ಲಿ ನಡೆದ ಮಾತನ್ನೆಲ್ಲ ಹೇಳಿದ. ಎಲೆಯ ಸದ್ದು ನಿಂತಿತು.

“ಮಾಸ್ಟ್ರು ನನ್ನ ಹೆಸರು ಕರೀತಾರಂತೆ ಅಕ್ಕ.”

“ಹೌದಾ?” ಅವಳ ಸ್ವರದಲ್ಲಿ ಹುಡುಗಿಯೊಬ್ಬಳ ಕುತೂಹಲ ಇಣುಕಿತು. “ನನ್ನದು?”

“ನೀನು ಇಲ್ಲಿಲ್ವಲ್ಲ.”

“ಅಲ್ಲಿದ್ದಾಗಲೂ ಕರೀಲಿಲ್ಲ, ಬಿಡು.”

ಹೇಳದಿದ್ದರೂ ಇಬ್ಬರಿಗೂ ನೆನಪಾದದ್ದು ಒಂದೇ. ಒಳಗೆ ಕೂರಿಸಿದ ವರ್ಷದ ಒಂದು ಬೆಳಿಗ್ಗೆ. ನಾಲ್ಕು ಕ್ಲಾಸಿಗೂ ಒಂದೇ ಕೋಣೆ, ಒಬ್ಬರೇ ಮಾಸ್ಟ್ರು. ಹೊರಗಿನವರು ಇದ್ದಾರಾ ಎಂದು ಅವರು ಕೇಳಿದಾಗ, ಬೆಂಚುಗಳು ಉತ್ತರಿಸುವ ಮೊದಲೇ ಚೆನ್ನು ಎದ್ದು ನಿಂತಳು. “ನಾವು ಒಳಗೆ ಇದ್ದೇವೆ ಸಾರ್” ಎಂದಳು. ಅಷ್ಟೇ. ಮಾಸ್ಟ್ರು ಹೊಡೆಯಲಿಲ್ಲ, ಬೈಯಲಿಲ್ಲ. ಪುಸ್ತಕ ಮುಚ್ಚಿದರು. ಸಂಜೆ ಗದ್ದೆಯಲ್ಲಿ ಕೆಲಸ ಮಾಡುತ್ತಿದ್ದ ಅವರ ಅಮ್ಮನಿಗೆ ಮಾತು ತಲುಪಿತು. ಹುಡುಗಿ ದೊಡ್ಡವಳಾಗುತ್ತಿದ್ದಾಳೆ, ಬಾಯಿಯೂ ದೊಡ್ಡದಾಗುತ್ತಿದೆ, ಶಾಲೆ ಯಾಕೆ? ಗದ್ದೆ ಯಾರದ್ದೋ ಶಾಲೆಯೂ ಅವರದ್ದೇ. ಮರುವಾರ ಚೆನ್ನುವಿನ ತೊಡೆಯ ಮೇಲೆ ಬೀಡಿಯ ಮೊರ ಬಂದು ಕೂತದ್ದು ಇವತ್ತಿಗೂ ಇಳಿದಿಲ್ಲ. ಹೊಡೆದಿದ್ದರೆ ಬಾಸುಂಡೆಯಾದರೂ ಸಾಕ್ಷಿಗೆ ಉಳಿಯುತ್ತಿತ್ತು. ಸಭ್ಯರು ಮಾಡುವ ಅನ್ಯಾಯ ಚರ್ಮದ ಮೇಲೆ ಕಾಣಿಸುವುದಿಲ್ಲ.

“ತಮ್ಮ, ಕೇಳು” ಎಂದಳು ಚೆನ್ನು. “ನಿನಗೆ ಅಲ್ಲಿ ಒಬ್ಬನಿಗೇ ಕಷ್ಟ ಅಂತ ನನಗೆ ಗೊತ್ತುಂಟು. ಅವರೊಟ್ಟಿಗೆ ಉಣ್ಣು, ನಗು. ಹೆಸರು ಕರೆದ್ರೆ ಓ ಅನ್ನು. ನನಗೆಂತ ಬೇಜಾರಿಲ್ಲ. ಆದ್ರೆ ನಾವೆಲ್ಲ ಒಟ್ಟಿಗೆ ಕೂತದ್ದು ಅಂತ ಹೇಳಿ ನನ್ನನ್ನು ಆ ಬೆಂಚಲ್ಲಿ ಕೂರಿಸ್ಬೇಡ. ನಾನು ಕೂತದ್ದಿಲ್ಲ ಅಲ್ಲಿ.”

“ನಾನು ಹೇಳದಿದ್ರೆ ಅವರು ಮತ್ತೆ ಕರೀಲಿಕ್ಕಿಲ್ಲ ಅಕ್ಕ.”

“ಅದು ಹೌದು” ಎಂದಳು ಅವಳು. “ಇಡ್ತೇನೆ. ಬೀಡಿ ಕೊಡ್ಲಿಕ್ಕೆ ಹೋಗ್ಬೇಕು, ಬ್ರಾಂಚು ಮುಚ್ತದೆ.”

ಮುಂದಿನ ಶುಕ್ರವಾರ ಲ್ಯಾನ್ಸ್‌ಲಾಟ್ ತನ್ನ ಪಿಕಪ್ಪಿನಲ್ಲಿ ಅವನನ್ನು ಕಾರ್ಯಕ್ರಮವಿದ್ದ ಅಲ್ ಮನ್ಸೂರಾಕ್ಕೆ ಕರೆದುಕೊಂಡು ಹೋದ. ಬೋಜ ಹೊಸ ಅಂಗಿ ಹಾಕಿದ್ದ.

“ನಮ್ಮ ಕಾನ್ವೆಂಟಲ್ಲಿ ಸಿಸ್ಟರ್ ಹೆಸರು ಕರೆದ್ರೆ ಪೆಟ್ಟು ಉಂಟು ಅಂತ ಲೆಕ್ಕ. ನಾನು ಡೆಸ್ಕಿನ ಅಡಿಗೆ ಹೋಗ್ತಿದ್ದೆ” ಎಂದ ಲ್ಯಾನ್ಸ್‌ಲಾಟ್. “ನೀನೊಬ್ಬ, ಹೆಸರು ಕರೀಲಿ ಅಂತ ಸೆಂಟು ಹೊಡೆದು ಹೊರಟಿದ್ದಿ. ಎಂತ ಕಥೆ ಮಾರಾಯ ನಿಂದು?”

“ಉದ್ದದ ಕಥೆ.”

“ಹಾಗಾದ್ರೆ ಬರುವಾಗ ಹೇಳು, ಟ್ರಾಫಿಕ್ ಉಂಟು. ನಾನು ಕೆಳಗೆ ಹೋಟ್ಲಲ್ಲಿ ಕೂತಿರ್ತೇನೆ.”

ಹೋಟೆಲಿನ ಮೇಲಿನ ಹಾಲು. ಯಾರದೋ ಕಾರ್ಪೆಂಟರಿ ಅಂಗಡಿಯಿಂದ ಹಲಗೆ ತಂದು ಬೆಂಚು ಜೋಡಿಸಿದ್ದರು. ಗೋಡೆಗೆ ಕಪ್ಪು ಹಲಗೆ, ಅದರ ಮೇಲೆ ಚಂದದ ಅಕ್ಷರದಲ್ಲಿ ನಾಳಿನ ಪಾಠ. ಊರಿನ ಶಾಲೆಯ ಗಂಟೆಗೆ ಬದಲಾಗಿ ಒಂದು ಕಬ್ಬಿಣದ ತುಂಡು. ಇಪ್ಪತ್ತೈದು ಮೂವತ್ತು ಗಂಡಸರು, ಬ್ಯಾಂಕಿನವರು, ಅಂಗಡಿಯವರು, ಸೇಫ್ಟಿ ಆಫೀಸರುಗಳು, ಮಕ್ಕಳಾಗಿಬಿಟ್ಟಿದ್ದರು. ಒಬ್ಬ ಮುಂದಿನವನ ಕಾಲರಿನೊಳಗೆ ಕಾಗದ ತುರುಕಿದ. “ಸಾರ್, ಇವ ಹೋಂವರ್ಕ್ ಮಾಡ್ಲಿಲ್ಲ!” “ನೀನು ಮಾಡಿದ್ದಾ? ನಿನ್ನ ಪಿ.ಎ. ಮಾಡಿದ್ದಾ?” ಹೆಂಗಸರು ಮಕ್ಕಳು ಬದಿಯ ಕುರ್ಚಿಗಳಲ್ಲಿ ಕೂತು ಹೊಟ್ಟೆ ಹಿಡಿದು ನಗುತ್ತಿದ್ದರು. ಸ್ಟುಡಿಯೋದಿಂದ ಬಂದ ಮಲಯಾಳಿ ಒಬ್ಬ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ನಿಲ್ಲಿಸಿದ್ದ.

ಮಾಸ್ಟ್ರು ಶಾಲು ಹೊದ್ದು ಕುರ್ಚಿಯಲ್ಲಿ ಕೂತಿದ್ದರು. ಮುದುಡಿ ಸಣ್ಣಗಾಗಿದ್ದರು. ಬೋಜ ನಾಲ್ಕು ಹೆಜ್ಜೆ ದೂರದಲ್ಲೇ ನಿಂತು ಕೈ ಮುಗಿದ. ಹತ್ತಿರ ಹೋಗಬೇಕೆಂದುಕೊಂಡಿದ್ದ, ಕಾಲು ತಾನಾಗಿಯೇ ನಿಂತಿತ್ತು.

“ಬೋಜ, ಅಪ್ಪ” ಎಂದ ಯಜ್ಞೇಶ್ ಗಟ್ಟಿಯಾಗಿ. “ಚೆನ್ನುವಿನ ತಮ್ಮ.”

“ಓ… ಹೌದಾ. ಒಳ್ಳೇದಾಯ್ತು” ಎಂದರು ಮಾಸ್ಟ್ರು. ಕೈ ಎತ್ತಿ ಆಶೀರ್ವಾದ ಮಾಡಿದರು. “ಆರೋಗ್ಯ ಹೇಗುಂಟು? ಇಲ್ಲಿ ಸೆಕೆ ಜಾಸ್ತಿ ಅಲ್ವಾ?”

ಬೋಜನನ್ನು ಯಜ್ಞೇಶ್ ಮೊದಲ ಬೆಂಚಿನ ನಡುವೆ ಕೂರಿಸಿದ. ಪಕ್ಕದಲ್ಲಿ ಪ್ರಮೋದ ಎಂಬವನು. ಮೂವತ್ತೈದರ ಹುಡುಗ, ಬೋಜನಿಗಿಂತ ಬಹಳ ತಡವಾಗಿ ಅದೇ ಶಾಲೆಯಲ್ಲಿ ಕಲಿತವನು. ಸರಿದು ಜಾಗ ಕೊಟ್ಟ. ತೊಡೆಗೆ ತೊಡೆ ತಾಗಿತು. ಯಾರಿಗೂ ಏನೂ ಆಗಲಿಲ್ಲ. ಇಷ್ಟು ಸುಲಭವಾಗಿತ್ತೇ ಇದು ಎಂದು ಬೋಜನಿಗೆ ಅನಿಸಿತು. ಒಂದು ಹಲಗೆ, ಸ್ವಲ್ಪ ಸರಿಯುವುದು. ಇಷ್ಟಕ್ಕಾಗಿ ಅಕ್ಕನ ಇಡೀ ಆಯುಷ್ಯ ಹೋಯಿತೇ?

ಕಬ್ಬಿಣದ ತುಂಡು ಬಾರಿಸಿದರು. ಮಾಸ್ಟ್ರು ಕನ್ನಡಕ ಏರಿಸಿ ಕಾಗದ ಹಿಡಿದರು. ಮೊದಲ ಹೆಸರು ಕರೆದದ್ದೇ ಅವರ ಮೈಗೆ ಎಲ್ಲಿಂದಲೋ ಬಲ ಬಂತು, ಬೆನ್ನು ನೆಟ್ಟಗಾಯಿತು, ಸ್ವರ ಹಳೆಯ ಸ್ವರವಾಯಿತು. ಹಾಲಿನ ಗದ್ದಲ ಸೂಜಿ ಚುಚ್ಚಿದ ಬಲೂನಿನ ಹಾಗೆ ಇಳಿಯಿತು. ಹೆಸರು. ಹಾಜರ್ ಸಾರ್. ಹೆಸರು. ಹಾಜರ್ ಸಾರ್. ಕೆಲವರ ಕಣ್ಣು ಒದ್ದೆಯಾಯಿತು. ಯಜ್ಞೇಶನ ಹೆಸರನ್ನೂ ಮಗನೆಂಬ ಸಲಿಗೆಯಿಲ್ಲದೆ ಕರೆದರು, ಅವನೂ ಎದ್ದು ಕೈ ಕಟ್ಟಿ ಉತ್ತರಿಸಿದ.

ಆ ಎರಡು ಮಾತನ್ನು ಹೇಳುವೆನೋ ಇಲ್ಲವೋ ಬೋಜನಿಗೇ ಗೊತ್ತಿರಲಿಲ್ಲ. ಅದು ಆಮೇಲಿನದ್ದು. ಮೊದಲು ಹೆಸರು ಬರಲಿ. ಪ್ರಮೋದ ಎದ್ದು ಹಾಜರ್ ಎಂದು ಕೂತ. ಇನ್ನು ಅವನೊಬ್ಬನೇ. ಬೋಜ ಏಳಲು ಸಿದ್ಧನಾಗಿ ಬೆಂಚಿನ ತುದಿ ಹಿಡಿದ. ಬಾಯಿ ತೆರೆದ.

ಮಾಸ್ಟ್ರು ಕಾಗದ ಮಡಚಿದರು. ಕನ್ನಡಕ ತೆಗೆದರು. ಯಾರ ಕಡೆಯೂ ನೋಡದೆ ಕೇಳಿದರು.

“ಹೊರಗಿನವರು ಇದ್ದಾರಾ?”

“ಇದ್ದಾರೆ ಸಾರ್!”

ಇಡೀ ಹಾಲು ಹೇಳಿತು. ಒಂದೇ ಸ್ವರದಲ್ಲಿ, ಅದೇ ರಾಗದಲ್ಲಿ. ಬ್ಯಾಂಕಿನವರು, ಅಂಗಡಿಯವರು, ಸೇಫ್ಟಿ ಆಫೀಸರುಗಳು. ಹೇಳಿ, ತಮ್ಮ ಬಾಯಿಂದ ಬಂದದ್ದಕ್ಕೆ ತಾವೇ ಗೊಳ್ಳೆಂದು ನಕ್ಕರು. ಆ ನಗು ಅರ್ಧಕ್ಕೆ ಬಂದಾಗ ಒಬ್ಬೊಬ್ಬರಾಗಿ ಬೋಜನ ಕಡೆ ನೋಡಿದರು. ನಗು ನಿಂತಿತು.

ಬೋಜನ ಬಾಯಿ ತೆರೆದೇ ಇತ್ತು. ಅವನು ಅದನ್ನು ಮುಚ್ಚಿಕೊಂಡ. ಪ್ರಮೋದನ ಕಡೆ ತಿರುಗಿದ. ಅವನು ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದ್ದ.

“ನಿಮ್ಮ ಕಾಲದಲ್ಲೂ ಕೇಳ್ತಿದ್ರಾ?”

“ಹೌದಣ್ಣ… ಅದು, ಮಾಸ್ಟ್ರು ರಿಟೈರ್ ಆಗುವವರೆಗೂ.” ಪ್ರಮೋದನ ಕಿವಿ ಕೆಂಪಾಗಿತ್ತು. “ನಾವು ಸಣ್ಣವರು. ಅರ್ಥ ಗೊತ್ತಿಲ್ಲದೆ ಹೇಳುದು, ಪ್ರಾರ್ಥನೆಯ ಹಾಗೆ.”

“ಆಗ ಹೊರಗೆ ಯಾರಿದ್ರು?”

“ಹೊರಗೆ ಯಾರೂ ಇರ್ಲಿಲ್ಲ ಅಣ್ಣ. ಹಿಂದಿನ ಬೆಂಚಲ್ಲಿ…”

ಅದೆಲ್ಲ ತನ್ನೊಂದಿಗೆ ಮುಗಿದಿತ್ತೆಂದು ಬೋಜ ತಿಳಿದಿದ್ದ. ತನ್ನದು, ಅಕ್ಕನದು, ಹಳೆಯದು, ಸತ್ತದ್ದು ಎಂದು. ಅವನು ಊರು ಬಿಟ್ಟ ಮೇಲೂ, ಬೊಂಬಾಯಿಯಲ್ಲಿ ಐ.ಟಿ.ಐ. ಕಲಿಯುವಾಗಲೂ, ಆ ಕೋಣೆಯಲ್ಲಿ ಪ್ರತಿ ಬೆಳಿಗ್ಗೆ ಹೆಸರಿಲ್ಲದ ಮಕ್ಕಳು ಕೂತೇ ಇದ್ದರು. ಅವರ ಪರವಾಗಿ ಬೇರೆಯವರು “ಇದ್ದಾರೆ” ಎನ್ನುತ್ತಲೇ ಇದ್ದರು.

“ಕಟ್, ಕಟ್!” ಎಂದು ಯಜ್ಞೇಶ್ ಕ್ಯಾಮೆರಾದವನಿಗೆ ಕೈ ಬೀಸಿದ.

“ಎಂತ ಆಯ್ತು?” ಎಂದರು ಮಾಸ್ಟ್ರು ಕಕ್ಕಾಬಿಕ್ಕಿಯಾಗಿ. “ಯಾರಾದ್ರೂ ಗೈರುಹಾಜರಾ?”

ಯಜ್ಞೇಶ್ ಬಗ್ಗಿ ಅವರ ಕಿವಿಯಲ್ಲಿ ಹೇಳಿದ. ಮಾಸ್ಟ್ರ ತಲೆ ನಿಧಾನವಾಗಿ ಮೇಲೆದ್ದಿತು. ಆ ದಿನ ಮೊದಲ ಬಾರಿಗೆ ಅವರು ಬೋಜನ ಮುಖವನ್ನು ನೋಡಿದರು.

“ಅಭ್ಯಾಸ ಬೋಜ” ಎಂದರು. “ಬಾಯಿಗೆ ಬಂದುಹೋಯ್ತು. ಮನಸ್ಸಲ್ಲಿ ಎಂತದ್ದೂ ಇಲ್ಲ.”

“ಗೊತ್ತುಂಟು ಮಾಸ್ಟ್ರೇ” ಎಂದ ಬೋಜ.

ಅವನು ಸಿಟ್ಟಿನಿಂದ ಹೇಳಲಿಲ್ಲ. ಅವನಿಗೆ ನಿಜವಾಗಿಯೂ ಗೊತ್ತಿತ್ತು. ಮನಸ್ಸಿನಲ್ಲಿ ಏನಾದರೂ ಇದ್ದಿದ್ದರೆ ಒಂದು ದಿನ ಅದು ಬದಲಾಗಬಹುದಿತ್ತು.

“ಸಾರ್, ಫಿರ್ ಸೇ ಲೇನಾ ಹೈ ಕ್ಯಾ?” ಎಂದು ಕ್ಯಾಮೆರಾದವನು ಕೇಳಿದ. ಅವನಿಗೆ ನಡೆದದ್ದು ತಿಳಿದಿರಲಿಲ್ಲ.

“ಹಾಂ, ಹಾಂ, ಏಕ್ ಬಾರ್ ಔರ್. ಪೆಹಲೇ ವಾಲಾ ಡಿಲೀಟ್ ಕರ್ ದೋ.” ಯಜ್ಞೇಶ್ ಬೋಜನ ಹತ್ತಿರ ಬಂದು ಕೂತ. ಬೆವರಿದ್ದ. “ಬೋಜಣ್ಣ, ಪ್ಲೀಸ್. ವಯಸ್ಸಾದವರು. ಇನ್ನೊಮ್ಮೆ ತೆಗೆಯುವ. ಅಪ್ಪ ನಿಮ್ಮ ಹೆಸರು ಕರೀತಾರೆ, ನೀವು ಹಾಜರ್ ಅನ್ನಿ. ಮತ್ತೆ ಆ ಎರಡು ಮಾತು. ಇದು ಖಲಾಸ್, ಮತ್ತೆ ಯಾರೂ ಇದರ ಸುದ್ದಿ ಎತ್ತುದಿಲ್ಲ.”

“ಆಗ ತೆಗೆದದ್ದು?”

“ಅಳಿಸ್ತೇವೆ ಮಾರಾಯ್ರೆ.”

ಹೆಂಗಸರ ಸಾಲಿನಿಂದ ಯಾರೋ, “ಪಾಪ, ಮಾಸ್ಟ್ರಿಗೆ ಎಷ್ಟು ಬೇಜಾರಾಯ್ತೋ ಏನೋ” ಎಂದರು. ಕೆಳಗಿನಿಂದ ಸಾಂಬಾರಿನ ಒಗ್ಗರಣೆಯ ವಾಸನೆ ಬಂತು. ಊಟಕ್ಕೆ ತಡವಾಗುತ್ತಿತ್ತು. ಎಲ್ಲರೂ ಬೋಜನನ್ನು ನೋಡುತ್ತಿದ್ದರು, ಬೇಡಿಕೊಳ್ಳುವ ಹಾಗೆ, ಪ್ರೀತಿಯಿಂದಲೇ. ಅವರ ಹಬ್ಬವನ್ನು ಉಳಿಸುವುದು ಅವನ ಕೈಯಲ್ಲಿತ್ತು. ಒಂದು ಶಬ್ದ ಸಾಕು, ಊಟವಾಗುತ್ತದೆ, ತಮಾಷೆಯಾಗುತ್ತದೆ, ಬರುವ ತಿಂಗಳು ಫೋನ್ ಬರುತ್ತದೆ.

ಮಾಸ್ಟ್ರು ಮತ್ತೆ ಕನ್ನಡಕ ಹಾಕಿದರು. ಕಾಗದ ಬಿಡಿಸಿದರು. ಕ್ಯಾಮೆರಾದ ಕೆಂಪು ದೀಪ ಹೊತ್ತಿತು.

“ಬೋಜ” ಎಂದು ಕರೆದರು.

ಸ್ಪಷ್ಟವಾಗಿ, ಎರಡೂ ಅಕ್ಷರ. ಬಾತ್‌ರೂಮಿನಲ್ಲಿ ಅವನು ಊಹಿಸಿಕೊಂಡದ್ದಕ್ಕಿಂತ ಚೆನ್ನಾಗಿಯೇ ಕರೆದರು. ಬೋಜ ಆ ಸ್ವರ ಮೈಯೊಳಗೆ ಇಳಿಯುವುದನ್ನು ಕಾದ. ಅದು ಎಲ್ಲೂ ಇಳಿಯಲಿಲ್ಲ. ಹಾಲಿನಲ್ಲಿ ಅಷ್ಟು ಜನರಿದ್ದರು. ಹೆಂಡತಿಯನ್ನು ಮಣ್ಣು ಮಾಡಿ ಬಂದು ಮುಐದರಿನ ಕೋಣೆಯ ಬಾಗಿಲು ತೆರೆದ ದಿನ ಕೂಡ ಅವನು ಇಷ್ಟು ಒಂಟಿಯಾಗಿರಲಿಲ್ಲ.

ಅವನು ಎದ್ದು ನಿಂತ.

“ಹೇಳಿ ಬೋಜಣ್ಣ” ಎಂದ ಯಜ್ಞೇಶ್ ಕ್ಯಾಮೆರಾದ ಹಿಂದಿನಿಂದ, ಪಿಸುಮಾತಿನಲ್ಲಿ. “ಹೇಳಿ. ಹಾಜರ್ ಸಾರ್ ಅನ್ನಿ.” ಆಮೇಲೆ ಅವನ ಸ್ವರ ಬದಲಾಯಿತು. “ಎಂತ ನಿಂತದ್ದು ಮಾರಾಯ? ಹೇಳು ಬೋಜ.”

“ಹಾಜರ್ ಅನ್ನು” ಎಂದರು ಮಾಸ್ಟ್ರು ಶಾಲೆಯ ಸ್ವರದಲ್ಲಿ.

“ಹೇಳುದಿಲ್ಲ ಮಾಸ್ಟ್ರೇ” ಎಂದ ಬೋಜ. “ನೀವು ಆಗ ಕೇಳಿದ್ದೇ ಸರಿ. ಇವರೆಲ್ಲ ಉತ್ತರ ಹೇಳಿಯೂ ಆಯ್ತು. ಊರಿಗೆ ಮೊದಲು ತೆಗೆದದ್ದನ್ನೇ ಕಳಿಸಿ.”